ನೊರೆಹಾಲು

ಏಳನೇ ತಿಂಗಳಲ್ಲಿ ಕೂಸು ಹೊಟ್ಟೆಯಲ್ಲೇ ಸತ್ತಾಗಿನಿಂದ ಅತ್ತೆಯದು ಒಂದೇ ಮಾತು: "ನಿನ್ನ ಹೊಟ್ಟಿನೇ ಕೂಸನ್ನ ನುಂಗೈತಿ." ನೀಲವ್ವ ಎರಡು ವರ್ಷ ಹಲ್ಲು ಕಚ್ಚಿ ಕಾದಳು.

ಇವತ್ತು ಅತ್ತೆಯ ಮಗಳು ಬಸುರಿಯಾಗಿ ತವರಿಗೆ ಬಂದಿದ್ದಳು. ಅತ್ತೆ ಆಗಷ್ಟೇ ಎಮ್ಮೆ ಕರೆದು, ಬೆಚ್ಚಗಿನ ನೊರೆಹಾಲು ತಂದಳು.

"ಕುಡಿ ಮಗಳ, ಕೂಸು ಗಟ್ಟಿಮುಟ್ಟ ಆಗ್ತೈತಿ."

ನೀಲವ್ವ ಲೋಟ ಇಸಿದುಕೊಂಡು ನಾದಿನಿಯ ಮುಂದೆ ಹಿಡಿದಳು. ಜೊತೆಗೆ, ಕೂಸು ಸತ್ತಾಗ ಡಾಕ್ಟರಮ್ಮ ಬರೆದುಕೊಟ್ಟಿದ್ದ, ಟ್ರಂಕಿನಲ್ಲಿ ಮುಚ್ಚಿಟ್ಟಿದ್ದ ಚೀಟಿಯನ್ನೂ ಕೊಟ್ಟಳು.

"ಕುಡಿಯೂಕಿಂತ ಮೊದಲ ಇದನ್ನ ಓದು. ನಿಮ್ಮವ್ವಗ ಕೇಳೂಹಂಗ ಓದು."

ನಾದಿನಿ ಜೋರಾಗಿ ಓದಿದಳು: "ಗರ್ಭಕೋಶದ ರಕ್ಷಣಾ ಕಣಗಳು ಕೊನೆಯವರೆಗೂ ಹೋರಾಡಿ ಸೋತಿವೆ. ಸೋಂಕು ಬಂದದ್ದು ಕಾಯಿಸದ ಹಾಲಿನಿಂದ."

ಅವಳು ಲೋಟ ನೋಡಿದಳು, ಆಮೇಲೆ ತಾಯಿಯನ್ನು.

"ಯವ್ವಾ, ನೀಲವ್ವ ವೈನಿ ಬಸುರಿದ್ದಾಗ ದಿನಾ ನೊರೆಹಾಲು ಕುಡಿಸಿದಾಕಿ ನೀನೇ ಅಲ್ಲೇನು?"