ಸ್ವಾರಗೇಟ ಬಸ್ಸು, ಸಮುದ್ರದ ಇಳಿತ

“ಸ್ವಾರಗೇಟ ಬಸ್ಸಿಗೂ ಸಮುದ್ರದ ಭರತಿ-ಇಳಿತಕ್ಕೂ ಏನ್ರಿ ಸಂಬಂಧ ಅಂತ ಗಿರಾಕಿ ಕೇಳಾಕತ್ತಾನ, ಮೇಡಂ,” ಎನ್ನುತ್ತ ಮಾಂತು ತನ್ನ ಲ್ಯಾಪ್‌ಟಾಪನ್ನು ಶೈಲಾಳ ಕಡೆ ತಿರುಗಿಸಿದ. “ಅವ ಬಸ್ಸಿನ ಆ್ಯಪ್ ಮಾಡಾಂವ. ಬಸ್ ವೇಳೆಯ ಎಪಿಐ ಜೋಡಿ ಭರತಿ ವೇಳೆಯ ಎಪಿಐ ಹಚ್ಚು ಅಂತ ನಮ್ಮ ಸೈಟು ಹೇಳೇದ. ಪುಣೆಯೊಳಗ ಸಮುದ್ರ ಎಲ್ಲದರಿ ಅಂತ ನಗಾಕತ್ತಾನ.”

ಪುಣೆಯ ಯೆರವಡಾದ ಆ ಆಫೀಸಿನ ಕಸುಬೇ ಅದು. ಆ್ಯಪ್ ಕಟ್ಟುವವರಿಗೆ ಯಾವ ಎಪಿಐ, ಅಂದರೆ ಹೊರಗಿನ ಮಾಹಿತಿಯನ್ನು ಆ್ಯಪಿಗೆ ತಂದುಕೊಡುವ ಕೊಂಡಿ, ಯಾವುದರ ಜೊತೆ ಹೊಂದುತ್ತದೆ ಎಂದು ಸೂಚಿಸುವುದು. ಸೈಟಿಗೆ ಸ್ವಂತ ಬುದ್ಧಿ ಅಷ್ಟಕ್ಕಷ್ಟೆ. ಹಿಂದಿನವರು ಏನೇನು ಜೋಡಿಸಿದ್ದರೋ ಅದನ್ನೇ ಮುಂದಿನವರಿಗೆ ಹೇಳುತ್ತದೆ.

“ಇವೆರಡನ್ನೂ ಜೋಡಿಸಿದ ಆ್ಯಪ್ ಒಂದೇ ಒಂದದ. ನಿಮ್ಮ ಹೆಸರಿನ್ಯಾಗ ಅದ,” ಅಂದ ಮಾಂತು.

ಶೈಲಾ ಪರದೆಯ ಮೇಲಿನ ಆ ಹೆಸರು ಓದಿದಳು. ದೇಹೂ ರೋಡಿನಲ್ಲಿ ಹೋಟೆಲು ನಡೆಸುವ ಸುಖೇಶನ ಜೊತೆ ಕೂತು ಕಟ್ಟಿದ ಆ್ಯಪ್ ಅದು. ಅಲಿಬಾಗದಲ್ಲಿ ನೀರು ಇಳಿದಾಗ ಸಮುದ್ರದೊಳಗಿನ ಕೋಟೆಗೆ ನಡೆದೇ ಹೋಗಬಹುದು. ಆ ಹೊತ್ತಿಗೆ ಮುಟ್ಟಲು ಸ್ವಾರಗೇಟ ನಿಲ್ದಾಣದಿಂದ ಯಾವ ಬಸ್ಸು ಹಿಡಿಯಬೇಕೆಂದು ಅದು ಹೇಳುತ್ತಿತ್ತು. ಮದುವೆಯಾದ ಮೇಲೆ ಮೊದಲು ಅಲ್ಲಿಗೇ ಹೋಗೋಣ ಅಂದಿದ್ದ ಸುಖೇಶ. ಅಪ್ಪನಿಗೆ ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ಶೈಲಾ ಎರಡು ವರ್ಷ ತಳ್ಳಿದಳು. ಕೊನೆಗೆ ಅವನು ಫೋನ್ ಮಾಡುವುದನ್ನೇ ಬಿಟ್ಟ. ಆಮೇಲೆ ಬಂದ ವರಗಳನ್ನೆಲ್ಲ ಏನೋ ಒಂದು ನೆವ ಹೇಳಿ ತಿರುಗಿ ಕಳಿಸಿದಳು. ತಪ್ಪು ತನ್ನದೇ ಎಂದು ಗೊತ್ತಿರುವವರಿಗೆ ಯಾರ ಮೇಲೆ ಸಿಟ್ಟಾಗಲೂ ಬರುವುದಿಲ್ಲ, ಪಾಪ.

“ಅದು ಸತ್ತ ಆ್ಯಪು. ಅಳಿಸಿಬಿಡು,” ಅಂದಳು.

“ಸತ್ತಿಲ್ರಿ. ವರ್ಷಾನಗಟ್ಟಲೆ ಯಾರೂ ನೋಡದಿದ್ರ ಸೈಟು ತಾನs ಕೈಬಿಡ್ತಿತ್ತು. ಇದನ್ನ ಯಾರೋ ಒಬ್ಬರು ಪ್ರತಿ ಶನಿವಾರ ನಸುಕಿನ್ಯಾಗ ನೋಡ್ತಾರ. ಒಂದs ಫೋನಿನಿಂದ.”

ಆ ಆ್ಯಪ್ ಇದ್ದದ್ದು ಎರಡೇ ಫೋನಿನಲ್ಲಿ. ತನ್ನ ಫೋನಿನಿಂದ ಶೈಲಾ ಅದನ್ನು ತೆಗೆದು ಮೂರು ವರ್ಷವಾಗಿತ್ತು. ಸುಖೇಶ ಮರೆತಿರುತ್ತಾನೆ, ಮರೆತಿದ್ದರೇ ಒಳ್ಳೆಯದು ಎಂದು ಇಷ್ಟು ದಿನ ತನಗೆ ತಾನೇ ಹೇಳಿಕೊಂಡಿದ್ದಳು.

“ಅಳಿಸಿದ್ರ ಆ ಫೋನಿನ್ಯಾಗೂ ಬಂದ್ ಆಗ್ತದ ನೋಡ್ರಿ. ಗಿರಾಕಿಗಿ ಇವತ್ತs ಉತ್ತರ ಕೊಡಬೇಕು. ಅಳಿಸ್ಲೇನ್ರಿ?”

“ಬ್ಯಾಡ. ಗಿರಾಕಿ ಕಡಿಂದ ನಾನು ಬೈಸಿಕೊಳ್ತೀನಿ.” ಶೈಲಾ ಕುರ್ಚಿ ಹತ್ತಿರ ಎಳೆದುಕೊಂಡಳು. “ಈ ಶನಿವಾರ ಅಲಿಬಾಗದಾಗ ನೀರು ಎಷ್ಟಕ್ಕ ಇಳೀತದ, ನೋಡು.”

“ಹತ್ತೂವರೆಗಿರಿ.”

“ಹಂಗಾರ ನಾನು ನಸುಕಿನ ಐದರ ಬಸ್ಸು ಹಿಡೀತೀನಿ,” ಅಂದಳು ಶೈಲಾ.