ಶುಕ್ರವಾರ ನಿಲ್ಲುವ ಚಿತ್ರ

ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು. ಎಲೈಜಾ ಮೋಡೆಮ್ಮಿನ ಪ್ಲಗ್ಗನ್ನು ಮತ್ತೆ ಗೋಡೆಗೆ ಚುಚ್ಚಿದಳು. ಹಸಿರು ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುವವರೆಗೆ ಕಾರಿಡಾರಿನಲ್ಲೇ ನಿಂತಿದ್ದು, ಕೋಣೆಗೆ ಓಡಿದಳು. ಮಂಚದ ಮೇಲೆ ದಿಂಬಿಗೆ ಆನಿಸಿಟ್ಟಿದ್ದ ಪುಟ್ಟ ಲ್ಯಾಪ್‌ಟಾಪಿನಲ್ಲಿ ಮಂಗಳೂರಿಗೆ ಮತ್ತೆ ಕರೆ ಮಾಡಿದಳು. ರಿಂಗಾಯಿತು. ಯಾರೂ ಎತ್ತಲಿಲ್ಲ.

ಅಲ್ಲಿ ಈಗ ಏಳು ಗಂಟೆ, ಜಪಮಾಲೆಯ ಹೊತ್ತು. ಇನ್ನು ಮಗಳ ಮುಖ ಕಾಣುವುದು ಬರುವ ಶುಕ್ರವಾರವೇ.

“ಹೋಯ್ತಾ?” ಅಂಗಿಗೆ ಇಸ್ತ್ರಿ ಹಾಕುತ್ತಿದ್ದ ಗಂಡ ಕಜೆತಾನ್ ತಲೆ ಎತ್ತದೆ ಕೇಳಿದ.

“ಹನ್ನೊಂದೇ ನಿಮಿಷ. ಹೋದ ವಾರ ಹದಿನಾಲ್ಕಾದ್ರೂ ಇತ್ತು.”

“ಕೆಳಗೆ ಆ ಬೆನ್ನಿ ಸಿನೆಮಾ ಇಳಿಸ್ಲಿಕ್ಕೆ ಕೂತಿರ್ತಾನೆ. ಒಂದು ಲೈನನ್ನು ಮೂರು ಮನೆಗೆ ಹಂಚಿದ್ರೆ ಮತ್ತೆಂತ ಆಗ್ತದೆ?”

ಗಲ್ಫ್ ನಗರದ ನಜ್ಮಾ ಬಡಾವಣೆಯ ಆ ಹಳೆಯ ವಿಲ್ಲಾವನ್ನು ಪ್ಲೈವುಡ್ ಗೋಡೆ ಹಾಕಿ ಮೂರು ಮನೆ ಮಾಡಿದ್ದರು. ಇಂಟರ್ನೆಟ್ಟಿನ ವೈರು ಕಿಟಕಿಯಿಂದ ಕಿಟಕಿಗೆ ಇಳಿದಿತ್ತು. ಆದರೆ ಬೆನ್ನಿಗೆ ಎಲೈಜಾ ಆಗಲೇ ಹೇಳಿ ಬಂದಿದ್ದಳು. “ಶುಕ್ರವಾರ ಸಂಜೆ ನನಗೆ ಕ್ರಿಕೆಟ್ ಉಂಟು ಎಲೈಜಾ ಬಾಯಿ, ಮನೆಯಲ್ಲೇ ಇರುವುದಿಲ್ಲ. ಲೈನ್ ಪೂರ್ತಿ ನಿಮಗೇ, ಖಲಾಸ್,” ಎಂದಿದ್ದ ಅವನು.

ಮಗಳು ಜೋಆನ್‌ಗೆ ಮೂರು ವರ್ಷವಾಗಿದ್ದಾಗ ಎಲೈಜಾಗೆ ಇಲ್ಲಿನ ಕ್ಲಿನಿಕ್ಕೊಂದರಲ್ಲಿ ಕೆಲಸ ಸಿಕ್ಕಿತ್ತು. ಕಜೆತಾನನ ಆಗಿನ ಸಂಬಳಕ್ಕೆ ಮಗುವಿನ ವೀಸಾ ಸಿಗುತ್ತಿರಲಿಲ್ಲ. ಒಂದು ವರ್ಷದ ಮಟ್ಟಿಗೆ ಎಂದು ಮಗುವನ್ನು ಅಕ್ಕ ಕೊನ್ಸೆಪ್ಟಾಳ ಕೈಗೆ ಕೊಟ್ಟು ವಿಮಾನ ಹತ್ತಿದ್ದಳು. ಒಂದು ಆರಾಯಿತು. ಈಗ ಅವನಿಗೆ ಬಡ್ತಿ ಬಂದಿದೆ. ಅಲ್ ಮನ್ಸೂರಾದಲ್ಲಿ ಎರಡು ಕೋಣೆಯ ಫ್ಲ್ಯಾಟ್ ನೋಡಿಟ್ಟಿದ್ದಾರೆ, ಶಾಲೆಯಲ್ಲಿ ಸೀಟೂ ಆಗಿದೆ. ಮುಂದಿನ ಭಾನುವಾರ ವೀಸಾ ಕಾಗದ ಹಾಕದಿದ್ದರೆ ಆ ಸೀಟು ಬೇರೆಯವರಿಗೆ. ಎಲ್ಲವೂ ತಯಾರಿದೆ. ‘ಬರ್ತೇನೆ ಮಮ್ಮಿ’ ಎಂದು ಮಗಳು ತನ್ನ ಬಾಯಲ್ಲಿ ಹೇಳುವುದೊಂದು ಬಾಕಿ. ಆ ಮಾತಿಗೆ ಬರುವಷ್ಟರಲ್ಲಿ ಚಿತ್ರ ನಿಂತಿರುತ್ತದೆ.

“ಒಂಬತ್ತು ವರ್ಷದ ಮಗುವನ್ನು ಎಂತ ಕೇಳುವುದು ಮಾರಾಯ್ತಿ? ಟಿಕೆಟ್ ಕಳಿಸಿದ್ರೆ ಬರ್ತಾಳೆ,” ಎಂದ ಕಜೆತಾನ್.

“ಕೇಳದೆ ಬಿಟ್ಟು ಬಂದದ್ದು ಸಾಕು. ಕೇಳದೆ ಕರೆಸುವುದಿಲ್ಲ.”

“ಹಾಗಾದ್ರೆ ನಿನ್ನ ಅಕ್ಕನನ್ನು ಕೇಳು. ಅಲ್ಲಿ ಸ್ವಿಚ್ ತೆಗೆಯುವುದು ಯಾರು ಅಂತ.”

ಎಲೈಜಾ ಲ್ಯಾಪ್‌ಟಾಪ್ ಮುಚ್ಚಿದಳು. ಅವಳೂ ಅದನ್ನೇ ಯೋಚಿಸಿದ್ದಳು, ಯೋಚಿಸಿ ನಾಚಿಕೊಂಡಿದ್ದಳು. ಕೊನ್ಸೆಪ್ಟಾಗೆ ಮಕ್ಕಳಿಲ್ಲ. ಜೋಆನ್‌ಳ ಜಡೆ, ಜ್ವರ, ಬಿದ್ದ ಹಲ್ಲು, ಮೊದಲ ಪರಮಪ್ರಸಾದದ ಬಿಳಿ ಫ್ರಾಕು, ಎಲ್ಲವೂ ಅಕ್ಕನ ಪಾಲಿಗೆ ಹೋಗಿದ್ದವು. ಅಷ್ಟನ್ನು ಯಾರು ಸುಮ್ಮನೆ ಬಿಟ್ಟುಕೊಡುತ್ತಾರೆ?

ಮರುದಿನ ಫೋನಿನಲ್ಲಿ ಅಕ್ಕ ಹೇಳಿದಳು: “ಲೈನ್ ಹೋದ ಮೇಲೂ ಮಗು ಆ ಕಂಪ್ಯೂಟರಿನ ಎದುರು ಕೂತೇ ಇರ್ತದೆ, ಗೊತ್ತುಂಟಾ? ನೋಡಿದ್ರೆ ಪಾಪ ಕಾಣ್ತದೆ.”

ಏನೂ ಗೊತ್ತಿಲ್ಲದವಳ ಹಾಗೆ ಎಷ್ಟು ಚೆನ್ನಾಗಿ ಹೇಳುತ್ತಾಳೆ ಎಂದುಕೊಂಡಳು ಎಲೈಜಾ.

ಗುರುವಾರ ಸಂಜೆ ಕಾರ್ತಿಕ್ ಬಂದ. ಮೈಸೂರಿನವನು, ಕಜೆತಾನನ ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ವೈರು ಬದಲಿಸಿದ. ಲ್ಯಾಪ್‌ಟಾಪಿನಲ್ಲಿ ಏನೇನೋ ತೆಗೆದು ಏನೇನೋ ಹಾಕಿದ. ಆಮೇಲೆ ಊರಲ್ಲಿದ್ದ ತನ್ನ ತಂಗಿಯೊಂದಿಗೆ ಮುಕ್ಕಾಲು ಗಂಟೆ ಮುಖ ನೋಡಿಕೊಂಡೇ ಹರಟಿದ. ಒಮ್ಮೆಯೂ ಕಡಿಯಲಿಲ್ಲ.

“ಲೈನ್‌ಗೇನೂ ಆಗಿಲ್ಲ ಅಕ್ಕಾ. ಚಿತ್ರ ನಿಂತಾಗ ನೀವೇನ್ ಮಾಡ್ತೀರಾ?”

“ಓಡಿ ಹೋಗಿ ಮೋಡೆಮ್ ಆಫ್ ಮಾಡ್ತೇನೆ. ಮೂವತ್ತು ಎಣಿಸಿ ಆನ್ ಮಾಡ್ತೇನೆ.”

“ಪ್ರತಿ ಸಲಾನೂ?”

“ಮತ್ತೆ?”

ಕಾರ್ತಿಕ್ ನಕ್ಕ. “ಇರೋ ಲೈನನ್ನ ನೀವೇ ಕಿತ್ತು ಹಾಕ್ತಿದ್ದೀರಲ್ಲ ಅಕ್ಕಾ. ನಾಳೆ ಎದ್ದೇ ಹೋಗ್ಬೇಡಿ. ಐದು ನಿಮಿಷ ಸುಮ್ನೆ ನೋಡ್ತಾ ಕೂತ್ಕೊಳ್ಳಿ. ತಾನೇ ಸರಿಹೋಗತ್ತೆ.”

ಶುಕ್ರವಾರ ಜೋಆನ್ ಹಳದಿ ಅಂಗಿ ತೊಟ್ಟು ಬಂದು ಕೂತಳು.

“ಪರೀಕ್ಷೆ ಹೇಗಾಯ್ತು?”

“ಗುಡ್.”

“ಕೊನ್ಸೆಪ್ಟಾ ಮಾವ್ಶಿ ಬಯ್ತಾಳಾ?”

“ಇಲ್ಲ.” ಕೂದಲನ್ನು ಕಿವಿಯ ಹಿಂದೆ ಸರಿಸಿ, “ನಿನ್ನೆ ನೀರುದೋಸೆ ತಿರುವಿ ಹಾಕ್ಲಿಕ್ಕೆ ಕಲಿಸಿದ್ಳು,” ಎಂದಳು.

“ಇಲ್ಲಿ ನಿನಗೇ ಅಂತ ಬೇರೆ ಕೋಣೆ ಉಂಟು. ಯಾವ ಬಣ್ಣ ಬೇಕು ಹೇಳು, ಹೊಡೆಸ್ತೇನೆ. ಜೂನಿನಲ್ಲಿ ಬರ್ತೀಯಲ್ಲ ಮಗಾ?”

ಚಿತ್ರ ನಿಂತಿತು.

ತುಟಿ ಅರೆ ತೆರೆದಿತ್ತು. ಕಣ್ಣು ಒಂದೇ ಕಡೆ ನೆಟ್ಟಿತ್ತು. ಒಂದು ಕೈ ಗಲ್ಲದ ಹತ್ತಿರ ಗಾಳಿಯಲ್ಲೇ ಉಳಿದಿತ್ತು. ಎಲೈಜಾ ಅಭ್ಯಾಸಬಲದಿಂದ ಎದ್ದಳು, ಕಾರ್ತಿಕನ ಮಾತು ನೆನಪಾಗಿ ಕೂತಳು. ಒಂದು ನಿಮಿಷ ಕಳೆಯಿತು. ಇಷ್ಟು ಹೊತ್ತು ಒಂದೇ ಸಮನೆ ಮಗಳ ಮುಖ ನೋಡಿ ವರ್ಷಗಳೇ ಆಗಿದ್ದವು. ಹುಬ್ಬು ತನ್ನದೇ. ಕೂದಲನ್ನು ಕಿವಿಯ ಹಿಂದೆ ಸರಿಸುವ ರೀತಿ ಮಾತ್ರ ಕೊನ್ಸೆಪ್ಟಾಳದು.

ಎರಡನೇ ನಿಮಿಷಕ್ಕೆ ಅವಳು ಎದ್ದಳು. ಓಡಲಿಲ್ಲ.

“ನೆಟ್ ಹೋಯ್ತು ಅಂತ ಕಾಣ್ತದೆ ಮಗಾ. ಇಡ್ತೇನೆ,” ಎಂದು ಪರದೆಗೆ ಮೆಲ್ಲಗೆ ಹೇಳಿದಳು. ಕಾರಿಡಾರಿಗೆ ನಡೆದು ಪ್ಲಗ್ ಕಿತ್ತಳು.

“ಮತ್ತೆ ಹೋಯ್ತಾ?” ಕಜೆತಾನ್ ಕೇಳಿದ.

“ಹೋಯ್ತು.”

“ಆ ಕಾರ್ತಿಕನಿಗೆ ಎಂತದೂ ಗೊತ್ತಿಲ್ಲ. ಇರ್ಲಿ, ಕಾಗದ ಕೊಡು. ನಾಡಿದ್ದು ಹಾಕಿ ಬರ್ತೇನೆ.”

“ಪಾಸ್‌ಪೋರ್ಟಿನ ಪ್ರತಿ ಮಸುಕಾಗಿದೆ. ಅಕ್ಕನಿಗೆ ಇನ್ನೊಂದು ಕಳಿಸ್ಲಿಕ್ಕೆ ಹೇಳ್ತೇನೆ.”

ಹೇಳುವುದಿಲ್ಲವೆಂದು ಅವಳು ಆಗಲೇ ನಿಶ್ಚಯಿಸಿದ್ದಳು. ಲಕೋಟೆಯನ್ನು ಬೀರುವಿನ ತಳದಲ್ಲಿ, ಸೀರೆಗಳ ಅಡಿಗೆ ಸರಿಸಿದಳು. ಕಂಡದ್ದನ್ನು ಗಂಡನಿಗೂ ಹೇಳುವುದಿಲ್ಲ, ಅಕ್ಕನಿಗೂ ಹೇಳುವುದಿಲ್ಲ.

ನಿಂತುಹೋದ ಆ ಚಿತ್ರದಲ್ಲಿ, ಉಸಿರು ಬಿಗಿಹಿಡಿದು ಅಲುಗದೆ ಕುಳಿತಿದ್ದ ಮಗಳ ಬೆನ್ನ ಹಿಂದೆ, ಕೊನ್ಸೆಪ್ಟಾ ಒಣಗಿದ ಬಟ್ಟೆಯ ರಾಶಿ ಎತ್ತಿಕೊಂಡು ಕೋಣೆಯನ್ನು ದಾಟಿ ಹೋಗಿದ್ದಳು.