ನೀಲವ್ವ ಗುರೆಳ್ಳಿನ ಅವರ ಮದುವೆ

ಅಡ್ಡಹೆಸರು ಅಳಿದರೆ ಆ ಹೆಸರಿನ ವಸ್ತುವೂ ಲೋಕದಿಂದ ಅಳಿಯುವುದು ಎಲ್ಲರಿಗೂ ಗೊತ್ತಿದ್ದದ್ದೇ. ನವಣಿ ಮನೆತನದ ಕೊನೆಯ ಮುದುಕ ತೀರಿಕೊಂಡ ವಾರವೇ ಹೊಲಗಳಲ್ಲಿ ನವಣೆ ಮಾಯವಾಗಿತ್ತು.

ಹಾಗಾಗಿ ನೀಲವ್ವ ಗುರೆಳ್ಳಿನ ಅವಳ ಮದುವೆಗೆ ಕರೆಯದವರೂ ಬಂದಿದ್ದರು. ಮುತ್ತಜ್ಜ ಗಾಣದಲ್ಲಿ ಗುರೆಳ್ಳು, ಅಂದರೆ ಕರಿ ಹುಚ್ಚೆಳ್ಳು, ಹಿಂಡುತ್ತಿದ್ದುದರಿಂದ ಬಂದ ಹೆಸರದು. ಈಗ ಅದಕ್ಕೆ ಉಳಿದವಳು ಅವಳೊಬ್ಬಳೇ. ಅಕ್ಕಿಕಾಳು ಬಿದ್ದೊಡನೆ ಗಂಡನ ಅಡ್ಡಹೆಸರು ಹಿಡಿದು ಅವಳೂ ನೀಲವ್ವ ಹುಣಸಿಮರದ ಆಗುತ್ತಾಳೆ. ಆಮೇಲೆ ಗುರೆಳ್ಳು ಚಟ್ನಿ ಇರುವುದಿಲ್ಲವೆಂದು ಊಟವನ್ನು ಮೊದಲೇ ಬಡಿಸಿದ್ದರು. ಜನ ರೊಟ್ಟಿಗೆ ಹಚ್ಚಿಕೊಂಡು ನಿಧಾನವಾಗಿ ತಿನ್ನುತ್ತಿದ್ದರು. "ಮದುವಿ ಬ್ಯಾಡವ್ವಾ" ಎಂದು ಒಬ್ಬರೂ ಅನ್ನಲಿಲ್ಲ.

ಮದುವೆ ಮಾಡಿಸುವ ಅಯ್ಯನವರು ಹೊಸ ಹೆಸರು ಕೂಗಲು ನಿಂತಾಗ ಮದುಮಗ ಶಿವಲಿಂಗ ಕೈ ಅಡ್ಡ ಹಿಡಿದ.

"ತಡೀರಿ ಅಯ್ಯಾರ. ಹುಣಸಿಮರದ ಅನ್ನೋ ಮಂದಿ ಓಣಿ ತುಂಬ ಅದಾರ. ನಾ ಒಬ್ಬಾಂವ ಬಿಟ್ರ ಹುಣಸಿಹಣ್ಣಿನ ಹುಳಿ ಏನೂ ಕಡಿಮಿ ಆಗಂಗಿಲ್ಲ. ಶಿವಲಿಂಗ ಗುರೆಳ್ಳಿನ ಅಂತ ಕೂಗ್ರಿ."

ಜನ ಕೈ ತೊಳೆಯುವುದನ್ನೂ ಮರೆತು, ಚಟ್ನಿ ಹತ್ತಿದ ಬೆರಳುಗಳಿಂದಲೇ ಅಕ್ಕಿಕಾಳು ಹಾಕಿದರು. ಅರಿಷಿಣ ಬಣ್ಣದ ಸೀರೆಯ ತುಂಬ ಕಪ್ಪು ಕಲೆಗಳಾದವು. ಆ ಸೀರೆಯನ್ನು ನೀಲವ್ವ ಎಂದೂ ಒಗೆಯಲಿಲ್ಲ.